ಹೆಡರ್ ಬದಲಾಯಿತು, ಮೇಕ್ ಸುಮ್ಮನಿತ್ತು: ಹೊಸಬಳೊಬ್ಬಳು ಮೇಕ್‌ಫೈಲ್ ಕಲಿತ ಪ್ರಕರಣ

ಸಿ ಭಾಷೆ ಕಲಿಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ಸಹಾಯ ಕೇಳಿಕೊಂಡು ಬಂದಳು. ಅವಳ ಪ್ರೋಗ್ರಾಂ ಚಿಕ್ಕದು. ವಿದ್ಯಾರ್ಥಿಗಳ ಅಂಕಗಳನ್ನು ಒಂದು ಫೈಲ್‌ನಿಂದ ಓದಿ ಪಟ್ಟಿ ಮಾಡಿ ತೋರಿಸುತ್ತದೆ, ಅಷ್ಟೇ. ಅದನ್ನು ಬಿಲ್ಡ್ ಮಾಡಲು, ಅಂದರೆ ಸಿ ಫೈಲ್‌ಗಳನ್ನು ಕಂಪೈಲ್ ಮಾಡಿ ಓಡುವ ಪ್ರೋಗ್ರಾಂ ಕಟ್ಟಲು, ಮೇಕ್ ಅನ್ನುವ ಸಾಧನ ಬಳಸುತ್ತಿದ್ದಳು. ಏನನ್ನು ಹೇಗೆ ಕಟ್ಟಬೇಕು ಅಂತ ಮೇಕ್‌ಗೆ ಬರೆದುಕೊಡುವ ಫೈಲೇ ಮೇಕ್‌ಫೈಲ್. ಅವಳ ದೂರು ಹೀಗಿತ್ತು: "ಕೋಡ್ ಸರಿಯಾಗೇ ಇದೆ ಸರ್, ಆದ್ರೂ ಅಂಕ ತಪ್ಪಾಗಿ ಬರ್ತಿದೆ. ಮೇಕ್ ಕ್ಲೀನ್ ಕೊಟ್ಟು ಮತ್ತೆ ಮೇಕ್ ಮಾಡಿದ್ರೆ ಸರಿಹೋಗುತ್ತೆ. ಯಾಕೆ ಅಂತ ಗೊತ್ತಾಗ್ತಿಲ್ಲ."

ಮೇಕ್ ಬಳಸಲು ಶುರುಮಾಡಿದ ಬಹಳಷ್ಟು ಜನ ಇದೇ ಮಾತು ಹೇಳುತ್ತಾರೆ. ಎಲ್ಲವನ್ನೂ ಅಳಿಸಿ ಮೊದಲಿಂದ ಬಿಲ್ಡ್ ಮಾಡಿದರೆ ತೊಂದರೆ ಮಾಯವಾಗುತ್ತದೆ. ಮಾಯವಾದ ಮೇಲೆ ಕಾರಣ ಯಾರೂ ಹುಡುಕುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಮೇಕ್ ಬಳಸಿದವರಿಗೂ ಅದು ಏನು ನೋಡಿ ನಿರ್ಧಾರ ಮಾಡುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಹೊಸಬರಿಗೆ ಡಾಲರ್ ಚಿಹ್ನೆ, ಪರ್ಸೆಂಟ್ ಚಿಹ್ನೆ ಹೇಳಿಕೊಡುವ ಮೊದಲು ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಈ ಫೈಲ್ ಈಗ ಯಾಕೆ ಮತ್ತೆ ಬಿಲ್ಡ್ ಆಯಿತು? ಆ ಫೈಲ್ ಯಾಕೆ ಆಗಲಿಲ್ಲ? ಈ ಪ್ರಕರಣದ ಉದ್ದಕ್ಕೂ ನಾವು ಮಾಡಿದ್ದು ಇದನ್ನೇ.

ಇಲ್ಲಿ ಫೈಲ್ ಹೆಸರು, ಕಮಾಂಡ್ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಅವಳ ಹತ್ತಿರ ಇದ್ದದ್ದು

ಮೂರು ಸಿ ಫೈಲ್: ಮೇನ್.ಸಿ, ರೀಡ್.ಸಿ, ರಿಪೋರ್ಟ್.ಸಿ. ಒಂದು ಹೆಡರ್, ಅಂದರೆ ಹಲವು ಸಿ ಫೈಲ್‌ಗಳು ಹಂಚಿಕೊಳ್ಳುವ ವಿವರ ಇರುವ ಫೈಲ್: ಸ್ಟೂಡೆಂಟ್.ಎಚ್. ಮೂರೂ ಫೈಲ್‌ಗಳು ಈ ಹೆಡರ್ ಅನ್ನು ಇನ್‌ಕ್ಲೂಡ್ ಮಾಡಿಕೊಂಡಿದ್ದವು. ಜೊತೆಗೆ ಎಲ್ಲಿಂದಲೋ ನೋಡಿ ಬರೆದುಕೊಂಡ ಒಂದು ಮೇಕ್‌ಫೈಲ್:

ಮಾರ್ಕ್ಸ್: ಮೇನ್.ಓ ರೀಡ್.ಓ ರಿಪೋರ್ಟ್.ಓ
	ಜಿಸಿಸಿ -ಓ ಮಾರ್ಕ್ಸ್ ಮೇನ್.ಓ ರೀಡ್.ಓ ರಿಪೋರ್ಟ್.ಓ
ಮೇನ್.ಓ: ಮೇನ್.ಸಿ
	ಜಿಸಿಸಿ -ಸಿ ಮೇನ್.ಸಿ
ರೀಡ್.ಓ: ರೀಡ್.ಸಿ
	ಜಿಸಿಸಿ -ಸಿ ರೀಡ್.ಸಿ
ರಿಪೋರ್ಟ್.ಓ: ರಿಪೋರ್ಟ್.ಸಿ
	ಜಿಸಿಸಿ -ಸಿ ರಿಪೋರ್ಟ್.ಸಿ
ಕ್ಲೀನ್:
	ಆರ್‌ಎಂ -ಎಫ್ ಮಾರ್ಕ್ಸ್ *.ಓ

ಜಿಸಿಸಿ ಅಂದರೆ ಸಿ ಕಂಪೈಲರ್. ಒಂದು ಸಿ ಫೈಲ್ ಕಂಪೈಲ್ ಆದಾಗ ಬರುವ .ಓ ಫೈಲ್‌ಗೆ ಆಬ್ಜೆಕ್ಟ್ ಫೈಲ್ ಅಂತ ಹೆಸರು. ಅವನ್ನೆಲ್ಲ ಜೋಡಿಸಿದರೆ, ಅಂದರೆ ಲಿಂಕ್ ಮಾಡಿದರೆ, ಮಾರ್ಕ್ಸ್ ಅನ್ನುವ ಪ್ರೋಗ್ರಾಂ ಆಗುತ್ತದೆ. ಇದನ್ನು ಓದಿ ಹೇಳು ಅಂದೆ. ಅವಳು ಮೇಲಿಂದ ಕೆಳಗೆ ಓದುತ್ತಾ ಹೋದಳು. ಮೊದಲು ಮಾರ್ಕ್ಸ್ ಆಗುತ್ತದೆ, ಆಮೇಲೆ ಮೇನ್.ಓ, ಆಮೇಲೆ ರೀಡ್.ಓ. ಅಷ್ಟು ಹೇಳಿ ತಾನೇ ನಿಂತಳು. "ಮೇನ್.ಓ ಇಲ್ದೆ ಮಾರ್ಕ್ಸ್ ಹೇಗಾಗುತ್ತೆ? ಇದು ತಿರುಗಾಮುರುಗಾ ಇದೆ ಅಲ್ವಾ ಸರ್?"

ತೊಂದರೆಯ ಬೇರು ಇಲ್ಲೇ ಇತ್ತು. ಮೇಕ್‌ಫೈಲ್ ಅಂದರೆ ಒಂದರ ನಂತರ ಒಂದು ನಡೆಯುವ ಕಮಾಂಡ್‌ಗಳ ಪಟ್ಟಿ, ಅಂದರೆ ಶೆಲ್ ಸ್ಕ್ರಿಪ್ಟ್ ಥರ, ಅಂತ ಅವಳು ಅಂದುಕೊಂಡಿದ್ದಳು. ಪೈಥಾನ್ ಆಗಲಿ ಸಿ ಆಗಲಿ ಕಲಿತು ಬಂದವರು ಹೀಗೆ ಅಂದುಕೊಳ್ಳುವುದು ಸಹಜ. ಅಲ್ಲೆಲ್ಲ ಮೇಲಿನ ಸಾಲು ಮೊದಲು, ಕೆಳಗಿನದು ಆಮೇಲೆ.

ಮೇಕ್ ಹಾಗೆ ಕೆಲಸ ಮಾಡುವುದಿಲ್ಲ. ಅದು ಮೊದಲು ಇಡೀ ಫೈಲ್ ಓದಿಕೊಳ್ಳುತ್ತದೆ. ಯಾವ ಫೈಲ್ ಯಾವುದರ ಮೇಲೆ ನಿಂತಿದೆ ಅನ್ನುವ ನಕ್ಷೆ ಕಟ್ಟಿಕೊಳ್ಳುತ್ತದೆ. ಆಮೇಲಷ್ಟೇ ಕೆಲಸ ಶುರು. ಕೋಲನ್‌ನ ಎಡಕ್ಕೆ ಇರುವುದು ಟಾರ್ಗೆಟ್, ಅಂದರೆ ಆಗಬೇಕಾದ ಫೈಲ್. ಬಲಕ್ಕೆ ಇರುವುದು ಡಿಪೆಂಡೆನ್ಸಿ, ಅದಕ್ಕೆ ಬೇಕಾದ ಫೈಲ್‌ಗಳು. ಕೆಳಗೆ ಟ್ಯಾಬ್ ಬಿಟ್ಟು ಬರೆದದ್ದು ಅದನ್ನು ಮಾಡುವ ಕಮಾಂಡ್. ಇವು ಮೂರೂ ಸೇರಿ ಒಂದು ರೂಲ್. ಹೆಸರು ಹೇಳದೆ ಬರೀ ಮೇಕ್ ಅಂತ ಕೊಟ್ಟರೆ ಮೊದಲ ಟಾರ್ಗೆಟ್ ಆಗಬೇಕು ಅಂತ ಅರ್ಥ. ಮಾರ್ಕ್ಸ್ ಮೇಲೆ ಇರುವುದು ಅದಕ್ಕೇ. ಉಳಿದ ರೂಲ್‌ಗಳು ಯಾವ ಕ್ರಮದಲ್ಲಿದ್ದರೂ ನಡೆಯುತ್ತದೆ.

ಬಾಯಿಮಾತಿಗಿಂತ ಮಾಡಿ ನೋಡುವುದು ಒಳ್ಳೆಯದು. ಕೆಳಗಿನ ನಾಲ್ಕು ರೂಲ್‌ಗಳನ್ನು ಅವಳ ಕೈಯಲ್ಲೇ ಹಿಂದುಮುಂದು ಮಾಡಿಸಿದೆ. ಬಿಲ್ಡ್ ಸರಿಯಾಗೇ ಆಯಿತು. ಕ್ಲೀನ್ ಅನ್ನು ಎಲ್ಲಕ್ಕಿಂತ ಮೇಲೆ ಹಾಕಿ ಮೇಕ್ ಕೊಟ್ಟಾಗ ಮಾತ್ರ ಇದ್ದದ್ದೆಲ್ಲ ಅಳಿಸಿಹೋಯಿತು. ಮೊದಲ ಟಾರ್ಗೆಟ್‌ಗೆ ಇರುವ ವಿಶೇಷ ಸ್ಥಾನ ಅದರ ನಂತರ ಅವಳಿಗೆ ಮರೆಯಲಿಲ್ಲ.

ಅಂಕದ ಜಾಗದಲ್ಲಿ ಬಂದ ಸಂಖ್ಯೆ

ಈಗ ಮೂಲ ದೂರಿಗೆ ಬಂದೆವು. ಅವಳು ಹೆಡರ್‌ನಲ್ಲಿದ್ದ ಸ್ಟ್ರಕ್ಟ್‌ಗೆ, ಅಂದರೆ ಒಬ್ಬ ವಿದ್ಯಾರ್ಥಿಯ ವಿವರಗಳನ್ನು ಒಟ್ಟಿಗೆ ಇಡುವ ರಚನೆಗೆ, ಹೊಸ ಫೀಲ್ಡ್ ಸೇರಿಸಿದ್ದಳು. ಮೊದಲು ಅದರಲ್ಲಿ ಎರಡೇ ಇದ್ದವು: ರೋಲ್ ನಂಬರ್, ಅಂಕ. ಇವುಗಳ ನಡುವೆ ಸೆಕ್ಷನ್ ಅಂತ ಒಂದನ್ನು ಹಾಕಿದಳು. ಮೂರೂ ಇಂಟ್, ಅವಳ ಕಂಪ್ಯೂಟರ್‌ನಲ್ಲಿ ಒಂದೊಂದಕ್ಕೂ 4 ಬೈಟ್. ಫೈಲ್‌ನಿಂದ ಸೆಕ್ಷನ್ ಓದಲು ರೀಡ್.ಸಿ ಬದಲಾಯಿಸಿದಳು. ರಿಪೋರ್ಟ್.ಸಿ ಮುಟ್ಟಲಿಲ್ಲ, ಯಾಕೆಂದರೆ ರೋಲ್ ನಂಬರ್, ಅಂಕ ತೋರಿಸುವ ಕೋಡ್ ಹಾಗೇ ಇದ್ದರೆ ಸಾಕು. ಮೇನ್.ಸಿ ಕೂಡ ಮುಟ್ಟಲಿಲ್ಲ.

ಪರೀಕ್ಷೆಗೆ ಕೊಟ್ಟ ಇಬ್ಬರು ವಿದ್ಯಾರ್ಥಿಗಳ ವಿವರ: ರೋಲ್ 1, ಸೆಕ್ಷನ್ 2, ಅಂಕ 78. ರೋಲ್ 2, ಸೆಕ್ಷನ್ 1, ಅಂಕ 64. ಮೇಕ್ ಕೊಟ್ಟು ಓಡಿಸಿದರೆ ಬಂದ ಪಟ್ಟಿ:

ರೋಲ್ 1, ಅಂಕ 2
ರೋಲ್ 78, ಅಂಕ 2

ಇದನ್ನು ನೋಡಿ ಅವಳು ರೀಡ್.ಸಿಯಲ್ಲಿ ತಪ್ಪು ಹುಡುಕುತ್ತಾ ಕೂತಿದ್ದಳು. ಅಲ್ಲಿ ತಪ್ಪೇ ಇರಲಿಲ್ಲ.

ಮೆಮೊರಿಯಲ್ಲಿ ಏನಿದೆ ಅಂತ ಕಾಗದದ ಮೇಲೆ ಬರೆಸಿದೆ. ಹೊಸದಾಗಿ ಕಂಪೈಲ್ ಆದ ರೀಡ್.ಓ ಒಬ್ಬರಿಗೆ ಮೂರು ಸಂಖ್ಯೆಯಂತೆ ತುಂಬುತ್ತದೆ. ಸಾಲಾಗಿ ಬರೆದರೆ 1, 2, 78, 2, 1, 64. ರಿಪೋರ್ಟ್.ಓ ಹಳೆಯದು. ಅದು ಕಂಪೈಲ್ ಆದಾಗ ಒಬ್ಬರಿಗೆ ಎರಡೇ ಸಂಖ್ಯೆ ಇದ್ದವು. ಅದು ಈಗಲೂ ಎರಡೆರಡೇ ಎತ್ತಿಕೊಳ್ಳುತ್ತದೆ. ಮೊದಲ ಜೋಡಿ 1 ಮತ್ತು 2. ಎರಡನೆಯದು 78 ಮತ್ತು 2. ಪಟ್ಟಿಯಲ್ಲಿ ಬಂದಿದ್ದು ಇದೇ.

ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಎರಡು ಆಬ್ಜೆಕ್ಟ್ ಫೈಲ್‌ಗಳು ಒಂದೇ ಸ್ಟ್ರಕ್ಟ್ ಬಗ್ಗೆ ಬೇರೆ ಬೇರೆ ನಂಬಿಕೆ ಇಟ್ಟುಕೊಂಡಿದ್ದವು. ಲಿಂಕರ್ ಇದನ್ನು ಹಿಡಿಯುವುದಿಲ್ಲ. ಸಿ ಭಾಷೆಯ ಆಬ್ಜೆಕ್ಟ್ ಫೈಲ್‌ಗಳನ್ನು ಜೋಡಿಸುವಾಗ ಅದು ನೋಡುವುದು ಫಂಕ್ಷನ್ ಮತ್ತು ವೇರಿಯಬಲ್ ಹೆಸರುಗಳನ್ನು. ಸ್ಟ್ರಕ್ಟ್ ಒಳಗೆ ಏನು ಎಲ್ಲಿದೆ ಅನ್ನುವುದು ಅದಕ್ಕೆ ಬೇಕಾಗಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಮೇನ್.ಓ ಕೂಡ ಹಳೆಯದೇ. ಅದರಲ್ಲಿ 100 ಜನರಿಗೆ ಜಾಗ ಇತ್ತು, ಆದರೆ ಹಳೆಯ ಲೆಕ್ಕದಲ್ಲಿ ಒಬ್ಬರಿಗೆ 8 ಬೈಟ್, ಒಟ್ಟು 800. ರೀಡ್.ಓ ಈಗ ಒಬ್ಬರಿಗೆ 12 ಬೈಟ್ ಬರೆಯುತ್ತದೆ. ಇಬ್ಬರೇ ಇದ್ದಾಗ ಏನೂ ಗೊತ್ತಾಗುವುದಿಲ್ಲ. 67ನೇ ವಿದ್ಯಾರ್ಥಿಯನ್ನು ಬರೆಯುವಾಗ ಅರೇ ದಾಟಿ ಬೇರೆ ಯಾವುದೋ ಡೇಟಾ ಮೇಲೆ ಬರೆದುಬಿಡುತ್ತದೆ. ಈ ಲೆಕ್ಕವನ್ನು ಅವಳೇ ಮಾಡಿದಳು. ಹಳೆಯ ಆಬ್ಜೆಕ್ಟ್ ಫೈಲ್ ಅಂದರೆ ಸಣ್ಣಪುಟ್ಟ ಕಿರಿಕಿರಿ ಅಂದುಕೊಂಡಿದ್ದವಳಿಗೆ ಇದು ಎಷ್ಟು ಕೆಟ್ಟದ್ದು ಅಂತ ಆಗ ತಟ್ಟಿತು.

ಈ ಜಾಗದಲ್ಲಿ ಮೇಕ್ ಹುಟ್ಟಿದ ಕಥೆ ಹೇಳಿದೆ, ಯಾಕೆಂದರೆ ಅದು ಇದೇ ತೊಂದರೆಯ ಕಥೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯಲ್ಲಿದ್ದ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಇಡೀ ಬೆಳಗ್ಗೆಯನ್ನು ಸರಿಯಾಗಿದ್ದ ಪ್ರೋಗ್ರಾಮನ್ನೇ ಡೀಬಗ್ ಮಾಡುತ್ತಾ, ಅಂದರೆ ಅದರಲ್ಲಿ ತಪ್ಪು ಹುಡುಕುತ್ತಾ, ಕಳೆದಿದ್ದರು. ತಪ್ಪನ್ನು ತಿದ್ದಿಯಾಗಿತ್ತು, ಆದರೆ ತಿದ್ದಿದ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಫೆಲ್ಡ್‌ಮನ್ ಕೂಡ ಹಿಂದಿನ ಸಂಜೆ ಇದೇ ಥರದ ತೊಂದರೆಯಲ್ಲಿ ಒದ್ದಾಡಿದ್ದರು. ಇದಕ್ಕೊಂದು ಸಾಧನ ಬೇಕು ಅನ್ನುವ ಮಾತು ಅಲ್ಲಿಂದ ಬಂತು. ಆ ಕೆಲಸಕ್ಕೆ 2003ರಲ್ಲಿ ಫೆಲ್ಡ್‌ಮನ್‌ಗೆ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂನ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಸಿಕ್ಕಿತು.

"ಹಾಗಾದ್ರೆ ಮೇಕ್ ಇದ್ದೂ ನನಗೆ ಅದೇ ತೊಂದರೆ ಬಂತಲ್ಲ?" ಅಂತ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ. ಉತ್ತರ ನಾನು ಹೇಳಲಿಲ್ಲ. ಮೇಕ್ ಬಾಯಿಂದಲೇ ಹೇಳಿಸೋಣ ಅಂದೆ.

ಮೊದಲು ಊಹೆ, ಆಮೇಲೆ ಎಂಟರ್

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಭಾಗ. ಎರಡು ಸಾಧನ ಸಾಕು. ಒಂದು ಟಚ್ ಕಮಾಂಡ್. ಇದು ಫೈಲ್‌ನ ಒಳಗೆ ಏನೂ ಬದಲಾಯಿಸದೆ ಕೊನೆಯದಾಗಿ ತಿದ್ದಿದ ಸಮಯವನ್ನು ಮಾತ್ರ ಈಗಿನದು ಮಾಡುತ್ತದೆ. ಇನ್ನೊಂದು ಮೇಕ್ -ಎನ್. ಏನೇನು ಮಾಡುತ್ತೇನೆ ಅಂತ ತೋರಿಸುತ್ತದೆ, ಮಾಡುವುದಿಲ್ಲ. ನಿಯಮ ಒಂದೇ: ಎಂಟರ್ ಒತ್ತುವ ಮೊದಲು ಏನಾಗುತ್ತದೆ ಅಂತ ಕಾಗದದಲ್ಲಿ ಬರೆಯಬೇಕು. ಒಂದೊಂದು ಪ್ರಯೋಗ ಆದ ಮೇಲೆ ಬರೀ ಮೇಕ್ ಕೊಟ್ಟು ಎಲ್ಲವನ್ನೂ ಸರಿಮಾಡಿಕೊಂಡು ಮುಂದಕ್ಕೆ ಹೋಗಬೇಕು.

ಮೊದಲು ರಿಪೋರ್ಟ್.ಸಿಯನ್ನು ಟಚ್ ಮಾಡಿದಳು. ಮೂರೂ ಫೈಲ್ ಕಂಪೈಲ್ ಆಗುತ್ತವೆ ಅಂತ ಬರೆದಳು. ಬಂದದ್ದು ಎರಡೇ ಸಾಲು: ರಿಪೋರ್ಟ್.ಸಿ ಕಂಪೈಲ್, ಆಮೇಲೆ ಲಿಂಕ್. ಯಾಕೆ ಅಂತ ಹೇಳಿಸಿದೆ. ರಿಪೋರ್ಟ್.ಓಗಿಂತ ರಿಪೋರ್ಟ್.ಸಿ ಹೊಸದು, ಆದ್ದರಿಂದ ಅದು ಆಗಬೇಕು. ರಿಪೋರ್ಟ್.ಓ ಹೊಸದಾದರೆ ಅದರ ಮೇಲೆ ನಿಂತ ಮಾರ್ಕ್ಸ್ ಕೂಡ ಆಗಬೇಕು. ಉಳಿದ ಎರಡಕ್ಕೆ ಏನೂ ಆಗಿಲ್ಲ.

ಎರಡನೆಯದಾಗಿ ರೀಡ್.ಓ ಅಳಿಸಿದಳು. ಈ ಸಲ ಊಹೆ ಸರಿ. ಟಾರ್ಗೆಟ್ ಇಲ್ಲದಿದ್ದರೆ ಅದನ್ನು ಮಾಡಲೇಬೇಕು.

ಮೂರನೆಯದು ಸ್ವಲ್ಪ ಕಷ್ಟದ್ದು. ಮೇನ್.ಓವನ್ನೇ ಟಚ್ ಮಾಡಿಸಿದೆ. "ಮೇನ್.ಸಿ ಮತ್ತೆ ಕಂಪೈಲ್ ಆಗುತ್ತೆ" ಅಂತ ಬರೆದಳು. ಬಂದದ್ದು ಲಿಂಕ್ ಮಾತ್ರ. ಇದರ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಮೇನ್.ಓ ಈಗ ಮೇನ್.ಸಿಗಿಂತ ಹೊಸದು. ಮೇಕ್‌ಗೆ ಅಷ್ಟು ಸಾಕು. ಆ ಫೈಲ್ ನಿಜವಾಗಿ ಕಂಪೈಲರ್‌ನಿಂದ ಬಂತೋ, ಸುಮ್ನೆ ಸಮಯ ಬದಲಾಯಿತೋ ಅಂತ ಅದು ನೋಡುವುದಿಲ್ಲ. ಒಳಗಿರುವುದನ್ನು ತೆರೆದೇ ನೋಡುವುದಿಲ್ಲ. ಮೇನ್.ಸಿ ತಿದ್ದಿ, ಕಂಪೈಲ್ ಮಾಡದೆ ಮೇನ್.ಓವನ್ನು ಟಚ್ ಮಾಡಿದರೆ ಆ ತಿದ್ದುಪಡಿ ಪ್ರೋಗ್ರಾಮಿಗೆ ಸೇರುವುದೇ ಇಲ್ಲ. ಮೇಕ್‌ಗೆ ಗೊತ್ತಿರುವುದು ಎರಡೇ ಸಂಗತಿ: ನಾವು ಬರೆದುಕೊಟ್ಟ ನಂಟು, ಡಿಸ್ಕಿನಲ್ಲಿರುವ ಸಮಯ.

ಕೊನೆಗೆ ಸ್ಟೂಡೆಂಟ್.ಎಚ್ ಟಚ್ ಮಾಡಿಸಿದೆ. ಮೂರು ಕಂಪೈಲ್, ಒಂದು ಲಿಂಕ್ ಅಂತ ಖಚಿತವಾಗಿ ಬರೆದಳು. ಎಂಟರ್ ಒತ್ತಿದಳು. ಬಂದ ಉತ್ತರ: "'ಮಾರ್ಕ್ಸ್' ಈಸ್ ಅಪ್ ಟು ಡೇಟ್."

ಅವಳು ಪರದೆ ನೋಡಿದಳು, ಮೇಕ್‌ಫೈಲ್ ನೋಡಿದಳು. "ಹೆಡರ್ ಹೆಸರು ಇದ್ರಲ್ಲಿ ಎಲ್ಲೂ ಇಲ್ವಲ್ಲ ಸರ್!"

ಇದನ್ನು ನಾನೇ ಮೊದಲು ಹೇಳಿಬಿಟ್ಟಿದ್ದರೆ ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಮೂರು ಊಹೆ ಮಾಡಿ, ತಪ್ಪಿ, ತಿದ್ದಿಕೊಂಡು, ನಾಲ್ಕನೆಯದರಲ್ಲಿ ತಾನೇ ಕಂಡುಕೊಂಡಳು. ಹಾಗೆ ಕಂಡದ್ದು ಕೈಬಿಟ್ಟು ಹೋಗುವುದಿಲ್ಲ.

ಮೇಕ್ ಕ್ಲೀನ್ ಯಾಕೆ ಕೆಲಸ ಮಾಡುತ್ತಿತ್ತು ಅನ್ನುವುದಕ್ಕೂ ಅವಳೇ ಉತ್ತರ ಕೊಟ್ಟಳು. ಎಲ್ಲ ಆಬ್ಜೆಕ್ಟ್ ಫೈಲ್ ಅಳಿಸಿದರೆ ಸಮಯ ಹೋಲಿಸಲು ಏನೂ ಉಳಿಯುವುದಿಲ್ಲ, ಎಲ್ಲವೂ ಹೊಸದಾಗಿ ಆಗುತ್ತದೆ. ಬರೆಯದೆ ಬಿಟ್ಟ ನಂಟು ಆ ಒಂದು ಸಲಕ್ಕೆ ಬೇಕಾಗುವುದಿಲ್ಲ. ಮೂರು ಫೈಲ್ ಇದ್ದಾಗ ಇದು ನಡೆಯುತ್ತದೆ. ಸಾವಿರ ಫೈಲ್ ಇರುವ ಕಡೆ ಪ್ರತಿ ಸಲ ಕ್ಲೀನ್ ಮಾಡುತ್ತಾ ಕೂತರೆ ಮೇಕ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಆಯ್ಕೆಯನ್ನೂ ತೋರಿಸಿದೆ: ಮೇಕ್ --ಟ್ರೇಸ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಮೇಕ್ ಅಂದರೆ ಗ್ನೂ ಮೇಕ್. ಅದರ 4.0 ಆವೃತ್ತಿಯಿಂದ, ಅಂದರೆ 2013ರಿಂದ ಇದು ಇದೆ. ಯಾವ ಟಾರ್ಗೆಟ್ ಅನ್ನು ಯಾವ ಡಿಪೆಂಡೆನ್ಸಿಯ ಕಾರಣಕ್ಕೆ ಮತ್ತೆ ಮಾಡುತ್ತಿದ್ದೇನೆ ಅಂತ ಸಾಲಿನ ನಂಬರ್ ಸಮೇತ ಹೇಳುತ್ತದೆ. "ಯಾಕೆ ಆಯಿತು" ಅನ್ನುವುದಕ್ಕೆ ಇದು ನೇರ ಉತ್ತರ. "ಯಾಕೆ ಆಗಲಿಲ್ಲ" ಅನ್ನುವುದಕ್ಕೆ ಮಾತ್ರ ರೂಲ್ ಅನ್ನೇ ಓದಬೇಕು.

ಹೆಡರ್‌ಗಳ ಲೆಕ್ಕ ಯಾರಿಡಬೇಕು

ಮೂರು ರೂಲ್‌ಗಳ ಬಲಕ್ಕೂ ಸ್ಟೂಡೆಂಟ್.ಎಚ್ ಸೇರಿಸಿದಳು. ಹೆಡರ್ ಟಚ್ ಮಾಡಿದರೆ ಈಗ ನಾಲ್ಕು ಕಮಾಂಡ್ ಬಂದವು. ದೂರು ಬಗೆಹರಿಯಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮರುದಿನ ಎರಡನೇ ಹೆಡರ್ ಬಂತು ಅಂದುಕೊಳ್ಳಿ. ಅದನ್ನು ಸ್ಟೂಡೆಂಟ್.ಎಚ್ ಒಳಗಿಂದ ಇನ್‌ಕ್ಲೂಡ್ ಮಾಡಿದರೆ? ಕೈಯಲ್ಲಿ ಬರೆದ ಪಟ್ಟಿ ಬೇಗ ಹಳೆಯದಾಗುತ್ತದೆ. ಹಳೆಯದಾದ ಪಟ್ಟಿ ಎರರ್ ಕೊಡುವುದಿಲ್ಲ, ಮೊದಲಿನ ಹಾಗೇ ತಪ್ಪು ಅಂಕ ಕೊಡುತ್ತದೆ.

ಯಾವ ಸಿ ಫೈಲ್ ಯಾವ ಹೆಡರ್ ತೆಗೆದುಕೊಂಡಿತು ಅನ್ನುವುದು ಕಂಪೈಲರ್‌ಗೆ ಗೊತ್ತೇ ಇರುತ್ತದೆ, ಅದು ಓದಿದ್ದು ತಾನೇ. ಜಿಸಿಸಿ -ಎಂಎಂ ಮೇನ್.ಸಿ ಅಂತ ಕೊಡಿಸಿದೆ. ಒಂದು ಸಾಲು ಬಂತು: ಮೇನ್.ಓ: ಮೇನ್.ಸಿ ಸ್ಟೂಡೆಂಟ್.ಎಚ್. ಮೇಕ್‌ಫೈಲ್‌ನಲ್ಲಿ ಅವಳು ಕೈಯಲ್ಲಿ ಬರೆದ ಸಾಲೇ ಅದು.

ಇಲ್ಲಿಂದ ಪ್ಯಾಟರ್ನ್ ರೂಲ್‌ಗೆ, ಅಂದರೆ ಹೆಸರಿನ ಜಾಗದಲ್ಲಿ ಪರ್ಸೆಂಟ್ ಚಿಹ್ನೆ ಇಟ್ಟು ಹಲವು ಫೈಲ್‌ಗಳಿಗೆ ಒಂದೇ ರೂಲ್ ಬರೆಯುವುದಕ್ಕೆ, ಹೋಗುವುದು ಸುಲಭವಾಯಿತು. ಮೂರು ರೂಲ್‌ಗಳಲ್ಲೂ ಹೆಸರು ಬಿಟ್ಟರೆ ಉಳಿದದ್ದೆಲ್ಲ ಒಂದೇ ಅಂತ ಅವಳಿಗೆ ಆಗಲೇ ಬೇಸರ ಬಂದಿತ್ತು. ಬೇಸರ ಬಂದ ಮೇಲೆ ಹೇಳಿಕೊಟ್ಟರೆ ಪರ್ಸೆಂಟ್ ಚಿಹ್ನೆ ಒಗಟಾಗಿ ಕಾಣುವುದಿಲ್ಲ. ಹೊಸ ಮೇಕ್‌ಫೈಲ್ ಹೀಗಾಯಿತು:

ಆಬ್ಜ್ಸ್ = ಮೇನ್.ಓ ರೀಡ್.ಓ ರಿಪೋರ್ಟ್.ಓ
ಮಾರ್ಕ್ಸ್: $(ಆಬ್ಜ್ಸ್)
	ಜಿಸಿಸಿ -ಓ $@ $^
%.ಓ: %.ಸಿ
	ಜಿಸಿಸಿ -ಎಂಎಂಡಿ -ಎಂಪಿ -ಸಿ $< -ಓ $@
-ಇನ್‌ಕ್ಲೂಡ್ $(ಆಬ್ಜ್ಸ್:.ಓ=.ಡಿ)

ಆಬ್ಜ್ಸ್ ಅನ್ನುವುದು ಆಬ್ಜೆಕ್ಟ್ ಫೈಲ್‌ಗಳ ಪಟ್ಟಿಗೆ ಇಟ್ಟ ಹೆಸರು, $(ಆಬ್ಜ್ಸ್) ಅಂದರೆ ಆ ಪಟ್ಟಿ. $@ ಅಂದರೆ ಟಾರ್ಗೆಟ್. $< ಅಂದರೆ ಮೊದಲ ಡಿಪೆಂಡೆನ್ಸಿ. $^ ಅಂದರೆ ಎಲ್ಲ ಡಿಪೆಂಡೆನ್ಸಿಗಳು. -ಎಂಎಂಡಿ ಕೊಟ್ಟರೆ ಕಂಪೈಲ್ ಮಾಡುವಾಗಲೇ ಪಕ್ಕದಲ್ಲಿ ಒಂದು ಡಿ ಫೈಲ್ ಬರೆಯುತ್ತದೆ, ಮೇಲೆ ನೋಡಿದ ಆ ಒಂದು ಸಾಲು ಅದರಲ್ಲಿರುತ್ತದೆ. ಕೊನೆಯ ಸಾಲು ಆ ಫೈಲ್‌ಗಳನ್ನು ಮೇಕ್‌ಫೈಲ್‌ಗೆ ಸೇರಿಸಿಕೊಳ್ಳುತ್ತದೆ.

ಅವಳಿಗೆ ಎರಡು ಅನುಮಾನ ಬಂದವು, ಎರಡೂ ಒಳ್ಳೆಯವು. ಒಂದೇ ಟಾರ್ಗೆಟ್ ಎರಡು ಕಡೆ ಬಂತಲ್ಲ, ಪ್ಯಾಟರ್ನ್ ರೂಲ್‌ನಲ್ಲಿ ಒಮ್ಮೆ, ಡಿ ಫೈಲ್‌ನಲ್ಲಿ ಒಮ್ಮೆ? ಕಮಾಂಡ್ ಇಲ್ಲದ ರೂಲ್ ಬರೀ ಡಿಪೆಂಡೆನ್ಸಿ ಸೇರಿಸುತ್ತದೆ. ಎರಡೂ ಕಡೆಯ ಡಿಪೆಂಡೆನ್ಸಿಗಳು ಒಟ್ಟಾಗುತ್ತವೆ, ಕಮಾಂಡ್ ಪ್ಯಾಟರ್ನ್ ರೂಲ್‌ನಿಂದ ಬರುತ್ತದೆ. ಮೊದಲ ಸಲ ಡಿ ಫೈಲ್ ಇರುವುದೇ ಇಲ್ಲವಲ್ಲ? ಇನ್‌ಕ್ಲೂಡ್ ಮುಂದಿನ ಮೈನಸ್ ಇರುವುದು ಅದಕ್ಕೇ, ಫೈಲ್ ಇಲ್ಲದಿದ್ದರೂ ಮೇಕ್ ತಕರಾರು ಮಾಡುವುದಿಲ್ಲ. ಮೊದಲ ಸಲ ಆ ಮಾಹಿತಿ ಬೇಕಾಗಿಯೂ ಇಲ್ಲ. ಆಬ್ಜೆಕ್ಟ್ ಫೈಲ್ ಇಲ್ಲದೇ ಇರುವುದರಿಂದ ಹೇಗೂ ಕಂಪೈಲ್ ಆಗುತ್ತದೆ. ಎರಡನೇ ಸಲದಿಂದ ಮಾತ್ರ ಹೆಡರ್‌ಗಳ ಲೆಕ್ಕ ಬೇಕು, ಅಷ್ಟರಲ್ಲಿ ಅದು ಸಿದ್ಧವಾಗಿರುತ್ತದೆ.

-ಎಂಪಿ ಯಾಕೆ ಅನ್ನುವುದು ಹೆಡರ್ ಒಂದನ್ನು ಅಳಿಸಿದ ದಿನ ಗೊತ್ತಾಗುತ್ತದೆ. -ಎಂಪಿ ಇಲ್ಲದಿದ್ದರೆ ಹಳೆಯ ಡಿ ಫೈಲ್ ಆ ಹೆಡರ್ ಕೇಳುತ್ತದೆ, ಮೇಕ್ "ನೋ ರೂಲ್ ಟು ಮೇಕ್ ಟಾರ್ಗೆಟ್" ಅಂತ ನಿಂತುಬಿಡುತ್ತದೆ.

ಟ್ಯಾಬ್, ಶೆಲ್, ಟೆಸ್ಟ್

ಈ ಮೂರನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊಸ ರೂಲ್ ಬರೆಯುವಾಗ ಅವಳಿಗೆ "ಮಿಸ್ಸಿಂಗ್ ಸೆಪರೇಟರ್" ಎರರ್ ಬಂತು. ಅವಳ ಎಡಿಟರ್ ಟ್ಯಾಬ್ ಬದಲು ಸ್ಪೇಸ್ ಹಾಕುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಕ್ಯಾಟ್ -ಎ ಕೊಟ್ಟು ನೋಡಿದರೆ ಟ್ಯಾಬ್ ಇರುವ ಕಡೆ ಬೇರೆ ಗುರುತು ಕಾಣುತ್ತದೆ. ಮೇಕ್‌ಫೈಲ್‌ಗೆ ಮಾತ್ರ ಟ್ಯಾಬ್ ಉಳಿಸು ಅಂತ ಎಡಿಟರ್‌ಗೆ ಹೇಳಿದರೆ ಆಯಿತು. ಈ ಟ್ಯಾಬ್ ನಿಯಮ ಮೊದಲ ದಿನಗಳದ್ದು. ಇದು ಸರಿಯಿಲ್ಲ ಅಂತ ಫೆಲ್ಡ್‌ಮನ್‌ಗೆ ಅನ್ನಿಸುವಷ್ಟರಲ್ಲಿ ಹನ್ನೆರಡು ಜನರ ಆಸುಪಾಸು ಬಳಕೆದಾರರಿದ್ದರು. ಅವರ ಕೆಲಸ ಕೆಡಿಸುವುದು ಬೇಡ ಅಂತ ಹಾಗೇ ಬಿಟ್ಟರು.

ಟ್ಯಾಬ್ ಇರುವ ಸಾಲು ಶೆಲ್‌ಗೆ, ಅಂದರೆ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಮಿಗೆ, ಹೋಗುತ್ತದೆ, ಉಳಿದದ್ದು ಮೇಕ್‌ನದು. ಒಂದೇ ಫೈಲ್‌ನಲ್ಲಿ ಎರಡು ಭಾಷೆ ಇದೆ ಅನ್ನುವುದು ತಿಳಿದರೆ ಅನೇಕ ಗೊಂದಲ ತಾನೇ ಬಗೆಹರಿಯುತ್ತದೆ. ಒಂದೊಂದು ಸಾಲಿಗೂ ಹೊಸ ಶೆಲ್ ತೆರೆಯುತ್ತದೆ, ಆದ್ದರಿಂದ ಒಂದು ಸಾಲಿನಲ್ಲಿ ಡೈರೆಕ್ಟರಿ ಬದಲಾಯಿಸುವ ಸಿಡಿ ಕಮಾಂಡ್ ಕೊಟ್ಟರೆ ಅದು ಮುಂದಿನ ಸಾಲಿಗೆ ಉಳಿಯುವುದಿಲ್ಲ. ಶೆಲ್‌ಗೆ ಡಾಲರ್ ಬೇಕಾದರೆ ಎರಡು ಡಾಲರ್ ಬರೆಯಬೇಕು, ಒಂದನ್ನು ಮೇಕ್ ತೆಗೆದುಕೊಳ್ಳುತ್ತದೆ.

ಟೆಸ್ಟ್ ಅನ್ನುವ ಟಾರ್ಗೆಟ್ ಬರೆದಾಗ ಅದು ಓಡಲೇ ಇಲ್ಲ, "ಅಪ್ ಟು ಡೇಟ್" ಅಂತ ಬಂತು. ನನ್ನನ್ನು ಕೇಳುವ ಮೊದಲೇ ಅವಳು ಕಾರಣ ಹುಡುಕಿದ್ದಳು. ಪಕ್ಕದಲ್ಲೇ ಟೆಸ್ಟ್ ಅನ್ನುವ ಡೈರೆಕ್ಟರಿ ಇತ್ತು! ಟಾರ್ಗೆಟ್ ಅಂದರೆ ಫೈಲ್ ಹೆಸರು, ಆ ಹೆಸರಿನದ್ದು ಇದೆ, ಡಿಪೆಂಡೆನ್ಸಿ ಇಲ್ಲ, ಮಾಡುವುದೇನೂ ಇಲ್ಲ. ಟೆಸ್ಟ್, ಕ್ಲೀನ್ ಎರಡನ್ನೂ .ಫೋನಿ ಸಾಲಿನಲ್ಲಿ ಬರೆದರೆ ಅವು ಫೈಲ್ ಅಲ್ಲ ಅಂತ ಮೇಕ್‌ಗೆ ತಿಳಿಯುತ್ತದೆ.

ಮೇಕ್‌ಫೈಲ್ ಕೂಡ ಒಂದು ಫೈಲ್

ಡೀಬಗರ್ (ಪ್ರೋಗ್ರಾಮಿನ ತಪ್ಪು ಹುಡುಕುವ ಸಾಧನ) ಬಳಸಲು ಕಂಪೈಲ್ ಸಾಲಿಗೆ -ಜಿ ಸೇರಿಸಿದಳು. ಮೇಕ್ ಕೊಟ್ಟಳು. ಅಪ್ ಟು ಡೇಟ್. ಡೀಬಗರ್‌ನಲ್ಲಿ ಸಾಲಿನ ನಂಬರ್ ಕಾಣಲಿಲ್ಲ.

ಹಳೆಯ ಅಭ್ಯಾಸವಾಗಿದ್ದರೆ ಈ ಹೊತ್ತಿಗೆ ಮೇಕ್ ಕ್ಲೀನ್ ಟೈಪ್ ಮಾಡಿರುತ್ತಿದ್ದಳು. ಈ ಸಲ ಕೈ ತಡೆದಳು. ಯಾಕೆ ಆಗಲಿಲ್ಲ? ಕಮಾಂಡ್ ಬದಲಾಗಿದೆ, ಆದರೆ ಸಿ ಫೈಲ್‌ಗಳ ಸಮಯ ಬದಲಾಗಿಲ್ಲ. ಕಮಾಂಡ್ ಬದಲಾದದ್ದನ್ನು ಮೇಕ್ ಗಮನಿಸುವುದಿಲ್ಲ. ಆಮೇಲೆ ಅವಳು ಕೇಳಿದ ಪ್ರಶ್ನೆ ನನಗೆ ತುಂಬಾ ಖುಷಿ ಕೊಟ್ಟಿತು. "ಕಮಾಂಡ್ ಇರೋದು ಮೇಕ್‌ಫೈಲ್‌ನಲ್ಲಿ. ಮೇಕ್‌ಫೈಲ್ ಕೂಡ ಒಂದು ಫೈಲ್ ತಾನೇ? ಅದನ್ನೇ ಡಿಪೆಂಡೆನ್ಸಿ ಮಾಡಿದ್ರೆ?"

ಮಾಡಬಹುದು. $(ಆಬ್ಜ್ಸ್): ಮೇಕ್‌ಫೈಲ್ ಅಂತ ಒಂದು ಸಾಲು ಸಾಕು. ಮೇಕ್‌ಫೈಲ್ ಮುಟ್ಟಿದಾಗಲೆಲ್ಲ ಎಲ್ಲವೂ ಕಂಪೈಲ್ ಆಗುತ್ತದೆ, ಕಾಮೆಂಟ್ ತಿದ್ದಿದರೂ ಆಗುತ್ತದೆ. ಚಿಕ್ಕ ಪ್ರಾಜೆಕ್ಟ್‌ಗೆ ಇದು ನಷ್ಟವೇನಲ್ಲ. ಮೇಕ್ ಕೊಡುವಾಗ ಕಮಾಂಡ್ ಸಾಲಿನಲ್ಲೇ ಬೇರೆ ಫ್ಲ್ಯಾಗ್ ಕೊಟ್ಟರೆ ಮಾತ್ರ ಇದು ಹಿಡಿಯುವುದಿಲ್ಲ, ಯಾಕೆಂದರೆ ಆಗ ಯಾವ ಫೈಲ್‌ನ ಸಮಯವೂ ಬದಲಾಗಿರುವುದಿಲ್ಲ.

ಬಿಲ್ಡ್ ಡೈರೆಕ್ಟರಿ

ಕೊನೆಯ ಹಂತದಲ್ಲಿ ಆಬ್ಜೆಕ್ಟ್ ಫೈಲ್‌ಗಳನ್ನೆಲ್ಲ ಬಿಲ್ಡ್ ಅನ್ನುವ ಡೈರೆಕ್ಟರಿಯೊಳಗೆ ಹಾಕಬೇಕು ಅಂದಳು. ಅವಳೇ ಬರೆದುಕೊಂಡು ಬಂದಳು. ಮೊದಲ ಟಾರ್ಗೆಟ್:

ಆಲ್: ಬಿಲ್ಡ್ ಮಾರ್ಕ್ಸ್

ಬಿಲ್ಡ್ ರೂಲ್‌ನ ಕಮಾಂಡ್, ಡೈರೆಕ್ಟರಿ ಮಾಡುವ ಎಂಕೆಡಿರ್. ಮೊದಲು ಡೈರೆಕ್ಟರಿ, ಆಮೇಲೆ ಪ್ರೋಗ್ರಾಂ. ಓಡಿಸಿದಳು, ಸರಿಯಾಗಿ ಆಯಿತು. ಒಟ್ಟೊಟ್ಟಿಗೆ ಹಲವು ಕೆಲಸ ಮಾಡಿಸುವ ಮೇಕ್ -ಜೆ ಕೊಟ್ಟರೂ ಆಯಿತು.

ನಾನು ಮೇಕ್ --ಶಫಲ್=ರಿವರ್ಸ್ ಕೊಡು ಅಂದೆ. ಇದು 2022ರಲ್ಲಿ ಬಂದ ಗ್ನೂ ಮೇಕ್ 4.4ರಲ್ಲಿ ಸೇರಿದ ಆಯ್ಕೆ. ಡಿಪೆಂಡೆನ್ಸಿಗಳನ್ನು ಬರೆದ ಕ್ರಮಕ್ಕೆ ಉಲ್ಟಾ ತೆಗೆದುಕೊಳ್ಳುತ್ತದೆ. ಬಿಲ್ಡ್ ಡೈರೆಕ್ಟರಿ ಅಳಿಸಿ ಓಡಿಸಿದಳು. ಕಂಪೈಲ್ ನಿಂತುಹೋಯಿತು, ಬರೆಯಬೇಕಾದ ಡೈರೆಕ್ಟರಿಯೇ ಇಲ್ಲ ಅಂತ ಎರರ್.

ಸ್ಕ್ರಿಪ್ಟ್ ಥರ ಯೋಚಿಸುವ ಅಭ್ಯಾಸ ಇನ್ನೂ ಒಂದು ಮೂಲೆಯಲ್ಲಿ ಉಳಿದಿತ್ತು. ಬಲಕ್ಕೆ ಮೊದಲು ಬರೆದದ್ದು ಮೊದಲು ಆಗುತ್ತದೆ ಅಂತ ನಂಬಿದ್ದಳು. ಒಂದೊಂದೇ ಕೆಲಸ ಮಾಡುವಾಗ ಗ್ನೂ ಮೇಕ್ ಹಾಗೇ ನಡೆದುಕೊಳ್ಳುತ್ತದೆ, ಅದಕ್ಕೇ ತಪ್ಪು ಕಾಣುವುದಿಲ್ಲ. -ಜೆ ಕೊಟ್ಟಾಗ ಎರಡೂ ಒಟ್ಟಿಗೆ ಶುರುವಾಗುತ್ತವೆ. ಎಂಕೆಡಿರ್ ಬೇಗ ಮುಗಿಯುವುದರಿಂದ ಹೆಚ್ಚಿನ ಸಲ ಬಚಾವ್. ಯಾವಾಗಲೋ ಒಮ್ಮೆ, ಮೆಷಿನ್ ಮೇಲೆ ಒತ್ತಡ ಜಾಸ್ತಿ ಇದ್ದಾಗ, ಬಿಲ್ಡ್ ಮುರಿಯುತ್ತದೆ. ಮತ್ತೆ ಓಡಿಸಿದರೆ ಸರಿ. ಇಂಥದ್ದನ್ನು ಹುಡುಕುವುದು ಬಹಳ ಕಷ್ಟ, ಅದಕ್ಕೇ ಮೊದಲೇ ಉಲ್ಟಾ ಓಡಿಸಿ ನೋಡುವುದು ಒಳ್ಳೆಯದು.

ಡೈರೆಕ್ಟರಿ ನಿಜವಾಗಿ ಯಾರಿಗೆ ಬೇಕು ಅಂತ ಕೇಳಿದೆ. ಆಬ್ಜೆಕ್ಟ್ ಫೈಲ್‌ಗಳಿಗೆ. ಹಾಗಾದರೆ ಆ ನಂಟು ಅವುಗಳ ರೂಲ್‌ನಲ್ಲೇ ಇರಬೇಕು. ಬಿಲ್ಡ್/%.ಓ: %.ಸಿ ಬಿಲ್ಡ್ ಅಂತ ಬರೆದಳು. ಎರರ್ ಹೋಯಿತು, ಆದರೆ ಮೇಕ್ ಕೊಟ್ಟಾಗಲೆಲ್ಲ ಏನೂ ಬದಲಾಗದಿದ್ದರೂ ಏನಾದರೊಂದು ಕಂಪೈಲ್ ಆಗತೊಡಗಿತು. ಈ ಸಲ --ಟ್ರೇಸ್ ಕೊಟ್ಟು ಅವಳೇ ಓದಿದಳು: ಕಾರಣ ಬಿಲ್ಡ್. ಡೈರೆಕ್ಟರಿಯೊಳಗೆ ಫೈಲ್ ಹುಟ್ಟಿದರೆ, ಅಳಿದರೆ ಡೈರೆಕ್ಟರಿಯ ಸಮಯವೂ ಬದಲಾಗುತ್ತದೆ. ಆಗ ಅದು ಆಬ್ಜೆಕ್ಟ್ ಫೈಲ್‌ಗಿಂತ ಹೊಸದಾಗಿ ಕಾಣುತ್ತದೆ.

ಬೇಕಾದದ್ದು "ಇರಬೇಕು, ಆದರೆ ಅದರ ಸಮಯ ಲೆಕ್ಕಕ್ಕಿಲ್ಲ" ಅನ್ನುವ ನಂಟು. ಮೇಕ್‌ನಲ್ಲಿ ಅದಕ್ಕೆ ಆರ್ಡರ್ ಓನ್ಲಿ ಡಿಪೆಂಡೆನ್ಸಿ ಅಂತ ಹೆಸರು. ನಡುವೆ ಒಂದು ನೆಟ್ಟಗಿನ ಗೆರೆ ಹಾಕಿದರೆ ಸಾಕು:

ಬಿಲ್ಡ್/%.ಓ: %.ಸಿ | ಬಿಲ್ಡ್

ಆಲ್ ಸಾಲಿನಿಂದ ಬಿಲ್ಡ್ ತೆಗೆದಳು. ಡೈರೆಕ್ಟರಿ ಅಳಿಸಿ ನೆಟ್ಟಗೆ ಒಮ್ಮೆ, ಉಲ್ಟಾ ಒಮ್ಮೆ, -ಜೆ ಜೊತೆ ಒಮ್ಮೆ ಓಡಿಸಿದಳು. ಮೂರೂ ಸಲ ಬಿಲ್ಡ್ ಆಯಿತು. ಆಮೇಲೆ ಸ್ಟೂಡೆಂಟ್.ಎಚ್ ಟಚ್ ಮಾಡಿ, ಮೂರು ಕಂಪೈಲ್ ಒಂದು ಲಿಂಕ್ ಅಂತ ಬರೆದು, ಮೇಕ್ -ಎನ್ ಕೊಟ್ಟಳು. ನಾಲ್ಕು ಸಾಲು ಬಂದವು.